ತಲೆಗೆ ನೀರು ಹಾಕಿಕೊಳ್ಳಲಾಗದ ದಿನಗಳು

ಮೊದಲ ತಂಬಿಗೆ ನೀರು ತಲೆಗೆ ಹಾಕಿಕೊಂಡೆ. ಮುಖದ ಮೇಲೆ ಇಳಿಯಿತು. ಉಸಿರು ಕಟ್ಟಿತು. ಎದೆ ಹಿಡಿದುಕೊಂಡು ಬಚ್ಚಲಲ್ಲೇ ಕುಸಿದೆ.

ಹಿಂದಿನ ವಾರವಷ್ಟೇ ನಮ್ಮೂರ ಹಳ್ಳ ಒಮ್ಮೆಲೇ ಏರಿ, ಹೆಸರುಕಾಯಿ ಬಿಡಿಸಿ ಮರಳುತ್ತಿದ್ದ ನಮ್ಮ ಟ್ರ್ಯಾಕ್ಟರ್ ಟ್ರಾಲಿಯನ್ನು ಉರುಳಿಸಿತ್ತು. ನಾನು ಜಾಲಿಗಿಡ ಹಿಡಿದು ಉಳಿದೆ.

ಪಕ್ಕದಲ್ಲಿ ಕುಳಿತಿದ್ದ ನಮ್ಮ ಓಣಿಯ ಶಾಂತಾ ಉಳಿಯಲಿಲ್ಲ.

ನನ್ನ ಗಂಡ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ, ಎಕ್ಸ್‌ರೇ, ಎಲ್ಲವೂ ನಾರ್ಮಲ್.

"ಹಂಗಾದ್ರ ಈಕಿಗೆ ಏನಾಗೇತ್ರಿ?" ಎಂದರು ನಮ್ಮವರು.

"ಪ್ಯಾನಿಕ್ ಅಟ್ಯಾಕ್. ಹಳ್ಳದ ಹೆದರಿಕಿ ಇನ್ನೂ ಮೈಯಾಗ ಐತಿ," ಎಂದು ಡಾಕ್ಟರು ಗುಳಿಗೆ ಬರೆದರು.

ನಾಚಿಕೆಯಾಯಿತು. ಸತ್ತವರ ಮನೆಯವರೇ ಹೊಲಕ್ಕೆ ಹೋಗುತ್ತಿರುವಾಗ, ಬದುಕಿ ಬಂದ ನನ್ನದೇನು ದೊಡ್ಡ ರೋಗ ಎಂದುಕೊಂಡು ಯಾರಿಗೂ ಹೇಳದೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುತ್ತ ಒಳಗೇ ಉಳಿದೆ. ಮುಖ ತೊಳೆಯಲಾಗದೆ ನಮಾಜೂ ತಪ್ಪಿತು.

ಒಂದು ದಿನ ಆಶಾ ಕಾರ್ಯಕರ್ತೆ ಟ್ರಾಲಿಯಲ್ಲಿದ್ದ ಹೆಂಗಸರನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆದಳು. ಆಸ್ಪತ್ರೆಯಿಂದ ಕೌನ್ಸೆಲರ್ ಬಂದಿದ್ದರು. ಮೊದಲು ಶಾಂತಾಳ ವಾರಗಿತ್ತಿ ಗಂಗಕ್ಕ ನೆಲ ನೋಡುತ್ತಲೇ ಹೇಳಿದಳು: "ಅವತ್ತಿನಿಂದ ನಾ ತಲಿ ತೊಳಕೊಂಡಿಲ್ರಿ. ನೀರ ಬಿದ್ರ ಜೀವಾ ಹೋದಂಗ ಆಕ್ಕೈತಿ."

"ನಾನೂ ತೊಳಕೊಂಡಿಲ್ಲ," ಎಂದೆ.

ಆಮೇಲೆ ಮಾತು ನಿಲ್ಲಲಿಲ್ಲ. ಒಬ್ಬಳಿಗೆ ಟ್ರ್ಯಾಕ್ಟರ್ ಸದ್ದು ಕೇಳಿದರೆ ವಾಂತಿ. ಇನ್ನೊಬ್ಬಳು ಹಳ್ಳದ ಭಯಕ್ಕೆ ಮಗಳನ್ನು ಶಾಲೆಗೇ ಕಳಿಸಿರಲಿಲ್ಲ. ಒಂದೇ ಓಣಿಯಲ್ಲಿದ್ದೂ ಒಬ್ಬೊಬ್ಬರೇ ಒದ್ದಾಡಿದ್ದೆವು.

ಮರುದಿನ ಗಂಗಕ್ಕ ನಮ್ಮ ಬಚ್ಚಲಿಗೇ ಬಂದಳು.

"ರೇಶ್ಮಾ, ಕಣ್ಣ ಮುಚ್ಚಬ್ಯಾಡ. ನನ್ನ ನೋಡಕೋತ ಕುಂದ್ರು. ನೀ ಹೂಂ ಅನ್ನೂತನಕ ನಾ ನೀರ ಹಾಕೂದಿಲ್ಲ."

ಎಷ್ಟೋ ಹೊತ್ತಿನ ಮೇಲೆ ಹೂಂ ಎಂದೆ. ಬೆಚ್ಚನೆಯ ನೀರು ಹಿಂದಲೆಯಿಂದ ಇಳಿಯಿತು. ಅವಳ ಮೊಣಕೈ ಗಟ್ಟಿಯಾಗಿ ಹಿಡಿದಿದ್ದೆ. ಆಮೇಲೆ ಅವಳ ತಲೆ ನಾನು ತೊಳೆದೆ. ಸೀಗೆಕಾಯಿ ಹಚ್ಚುವಾಗ ಅವಳೆಂದಳು, "ನಮ್ಮ ಶಾಂತಾಂದು ಬಾಳ ಉದ್ದ ಕೂದಲಾ ಇತ್ತು." ಇಬ್ಬರೂ ಅತ್ತೆವು.

ಗುಳಿಗೆ ಇನ್ನೂ ನಡೆದಿದೆ. ಪೂರ್ತಿ ಗುಣವಾಯಿತು ಎನ್ನಲಾರೆ. ಈ ವರ್ಷ ಮೊದಲ ದೊಡ್ಡ ಮಳೆ ಬಂದ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂತಿದ್ದೆ. ಬಾಗಿಲು ಬಡಿದ ಸದ್ದು. ತೆರೆದರೆ ಗಂಗಕ್ಕ, ಸೆರಗು ತಲೆಗೆ ಹೊದ್ದು ನಿಂತಿದ್ದಳು. ಅವಳ ಹಿಂದೆ ಟ್ರಾಲಿಯಲ್ಲಿದ್ದ ಉಳಿದವರು. ಯಾರನ್ನೂ ಯಾರೂ ಕರೆದಿರಲಿಲ್ಲ.

ಚಹಾಕ್ಕಿಟ್ಟೆ. ಮಳೆ ನಿಂತ ಮೇಲೂ ಯಾರೂ ಎದ್ದು ಹೋಗಲಿಲ್ಲ.