ಸಂತ ಆನ್ನಮ್ಮನ ಶಿಲುಬೆಯ ಏರು

ಒನೆಸೀಮ್ ಗೋದ್ರೊ ಎಂಬವನು ಕ್ವಿಬೆಕ್ ಸೀಮೆಯ ಉತ್ತರದ ಗುಡ್ಡಗಳ ನಡುವೆ, ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವ ಹಿಮಪಾದುಕೆಗಳನ್ನು ಹೆಣೆದು ಬಾಳಿದವನು. ಆವಿಯಲ್ಲಿ ಬಾಗಿಸಿದ ಮರದ ಚೌಕಟ್ಟಿಗೆ ಮೂಸ್ ಜಿಂಕೆಯ ಹಸಿತೊಗಲ ಬಾರನ್ನು ಜೇನುಹುಟ್ಟಿನಂತೆ ಹೆಣೆಯುವ ಆ ವಿದ್ಯೆ ಅವನ ಬೆರಳುಗಳಿಗೆ ಜಪಮಣಿಯಷ್ಟೇ ರೂಢಿಯಾಗಿತ್ತು. ಊರಿನ ಹಿಮಪಾದುಕೆ ಸಂಘದಲ್ಲಿ ಮೂವತ್ತು ವರ್ಷಗಳಿಂದ ಅವನದು ಒಂದೇ ಪದವಿ: ಸಾಲಿನ ಕಡೆಯವನು. ಮುಂದಾಳು ದಾರಿ ತುಳಿಯಬೇಕು. ಕಡೆಯವನು ಯಾರನ್ನೂ ಹಿಂದೆ ಬಿಡದೆ ಬರಬೇಕು. ತನ್ನ ಮುಂದಿರುವವರನ್ನು ದಾಟಿ ಅವನು ಒಂದು ಹೆಜ್ಜೆಯನ್ನೂ ಇಡುವಂತಿಲ್ಲ.

ಅವನ ಹೆಂಡತಿ ಝೇಲಿಯಾಳದು ಒಂದು ಹರಕೆಯಿತ್ತು. ಮದುವೆಯಾದ ಮರುವರ್ಷ ಒನೆಸೀಮ್ ನದಿಯ ಮಂಜುಗಡ್ಡೆಯೊಡೆದು ಒಳಗೆ ಬಿದ್ದು, ಮೂರು ದಿನ ಎಚ್ಚರವಿಲ್ಲದೆ ಮಲಗಿದ್ದ. ಆಗ ಆಕೆ ಸಂತ ಆನ್ನಮ್ಮನಿಗೆ ಮಾತು ಕೊಟ್ಟಳು: ಇವನನ್ನು ಉಳಿಸಿಕೊಟ್ಟರೆ ಪ್ರತಿ ಚಳಿಗಾಲವೂ ನನ್ನ ಕಾಲಿನಿಂದಲೇ ಗುಡ್ಡದ ಶಿಲುಬೆಗೆ ಬಂದು ನಿನ್ನ ಮುಂದೆ ಬಾಗುತ್ತೇನೆ. ತಾಯಿ ಉಳಿಸಿಕೊಟ್ಟಳು. ನಲವತ್ತೊಂದು ಚಳಿಗಾಲ ಝೇಲಿಯಾ ತಪ್ಪಲಿಲ್ಲ. ಈ ವರ್ಷ ಅವಳ ಮಂಡಿಗಳು ಸೋತಿದ್ದವು.

ಆದುದರಿಂದ ಒನೆಸೀಮ್ ಎಲೆಯುದುರುವ ಕಾಲವಿಡೀ ಕುಳಿತು ಅವಳಿಗೆಂದು ಹೊಸ ಜೋಡಿಯೊಂದನ್ನು ಹೆಣೆದ. ಭಾರ ತಗ್ಗಲೆಂದು ಬಾರನ್ನು ಹುರಿದಾರದಷ್ಟು ಸಣ್ಣಗೆ ಸೀಳಿದ. ನೀರು ತಡೆಯುವ ವಾರ್ನಿಷನ್ನೂ ಒಂದೇ ಸಲ ಬಳಿದ. ಮುಗಿದ ಪಾದುಕೆಯನ್ನು ಅಂಗೈಯ ಮೇಲಿಟ್ಟು ತೂಗಿ ನೋಡಿ ಹಿಗ್ಗಿದ. ಒಣಹಿಮಕ್ಕೆ ಅಂಥದು ಇನ್ನೊಂದಿರಲಿಲ್ಲ.

ಶಿಲುಬೆಯ ದಾರಿಯಲ್ಲೇ ಸಾಗುವ ಸಂಘದ ನಡಿಗೆಯ ಭಾನುವಾರ ಬೆಚ್ಚನೆಯ ತೆಂಕಣ ಗಾಳಿ ಬೀಸಿತು. ನೆರೆದ ನಲವತ್ತು ಮಂದಿಯಲ್ಲಿ ಹೆಚ್ಚಿನವರು ಪಟ್ಟಣದಿಂದ ಮನರಂಜನೆಗೆ ಬಂದವರು. ಅವರ ಕಾಲಲ್ಲಿ ಅಲ್ಯೂಮಿನಿಯಂ ಇಲ್ಲವೆ ಪ್ಲಾಸ್ಟಿಕ್. ಮುಂದಾಳು ಫೆರ್ನಾಂದ್ ನಕ್ಕಳು.

"ಏನ್ ಮಾವ, ಇನ್ನೂ ಈ ಟೆನಿಸ್ ಬ್ಯಾಟೇ ಕಟ್ಕೊಂಡು ಓಡಾಡ್ತೀಯಾ? ವರ್ಮಾಂಟ್‌ನಿಂದ ಹಿಡ್ದು ಜಪಾನ್‌ವರ್ಗೂ ಜನ ಅಲ್ಯೂಮಿನಿಯಂಗೆ ಬಂದಾಯ್ತು!"

"ನಿನ್ ತಗಡು ಪಾತ್ರೆ ತೊಳ್ದಂಗೆ ಸದ್ದು ಮಾಡುತ್ತೆ ಕಣಮ್ಮಾ. ಮೊಲಗಳೆಲ್ಲಾ ಊರ್ ಬಿಟ್ಟು ಓಡ್ತವೆ."

ಝೇಲಿಯಾ ಮಾತ್ರ ಮೋಡವನ್ನು ನೋಡಿದಳು. "ಮಳೆ ಬರೋ ಹಂಗಿದೆ. ಇವತ್ತೊಂದಿನ ಅವರ್ದೇ ಒಂದ್ ಜೊತೆ ಬಾಡಿಗೆಗೆ ತಗೊಳ್ಲಾ?"

"ನಾನ್ ಬದ್ಕಿರೋವಾಗ್ಲೇ ಬಾಡಿಗೆ ಪಾದುಕೇನಾ?" ಎಂದ ಒನೆಸೀಮ್. ಅವಳು ಹೊಸ ಜೋಡಿಯನ್ನೇ ಕಾಲಿಗೆ ಕಟ್ಟಿಕೊಂಡಳು.

ಏರಿನ ನಡುವೆ ಮಳೆ ಹಿಡಿಯಿತು. ಸಣ್ಣ ಬಾರು ನೀರು ಕುಡಿಯಿತು. ಹೆಣಿಗೆ ಜೋಲಿಯಂತೆ ಜಗ್ಗಿತು. ಝೇಲಿಯಾಳ ಕಾಲು ಅದರೊಳಗಿಂದ ಜಾರಿ ತೊಡೆಯವರೆಗೆ ಹಿಮದಲ್ಲಿ ಇಳಿಯಿತು. ಒನೆಸೀಮ್ ಅವಳನ್ನೆತ್ತಿ ಗಂಟು ಬಿಗಿದ. ಹತ್ತು ಹೆಜ್ಜೆಗೆ ಮತ್ತೆ ಕುಸಿದಳು. ತನ್ನ ದಪ್ಪ ಬಾರಿನ ಜೋಡಿಯನ್ನೇ ಬಿಚ್ಚಿ ಅವಳಿಗೆ ಕಟ್ಟಿದ. ಆ ಭಾರವನ್ನು ಅವಳ ಮಂಡಿಗಳು ಎತ್ತಲೊಲ್ಲವು. ಹೊತ್ತುಕೊಂಡರೆ ಹರಕೆಯಾಗದು, ಹೊರುವ ಬಲವೂ ಅವನಲ್ಲಿರಲಿಲ್ಲ. ಅವಳ ಪಾದುಕೆಯನ್ನೇ ತಿರುಗಿ ಕಟ್ಟಿದ. ಶಿಲುಬೆ ಇನ್ನೂರು ಹೆಜ್ಜೆ ಮೇಲೆ, ಮಳೆಯ ಹಿಂದೆ ಕಪ್ಪಗೆ ಕಾಣುತ್ತಿತ್ತು. ಸಾಲು ಅದನ್ನು ದಾಟಿ ಹೋಗಿತ್ತು.

"ಇಲ್ಲೇ ಬೇಡ್ಕೋ," ಎಂದ ಅವನು. "ತಾಯಿಗೆ ಕಾಣುತ್ತೆ."

"ಕಾಣುತ್ತೆ. ಬಂದಿಲ್ಲ ಅನ್ನೋದೂ ಕಾಣುತ್ತೆ."

ಫೆರ್ನಾಂದ್ ಫೋನಿನಲ್ಲಿ ಹೇಳಿ ಕಳುಹಿಸಿದ್ದ ಕಲಿಸ್ತ್ ಎಂಬ ನೆರೆಯವನು ಹಿಮವಾಹನ ತಂದು ನಿಲ್ಲಿಸಿದ.

"ಹತ್ತು, ಅತ್ತೆ. ಎರಡೇ ನಿಮಿಷ, ಶಿಲುಬೆ ಬುಡದಲ್ಲೇ ಇಳಿಸ್ತೀನಿ."

"ಕಾಲಲ್ಲಿ ಬರ್ತೀನಿ ಅಂದಿದ್ದು ಕಣಪ್ಪಾ, ಪೆಟ್ರೋಲಲ್ಲಿ ಅಲ್ಲ."

"ಆನ್ನಮ್ಮ ಏನ್ ಟಿಕೆಟ್ ಕೇಳ್ತಾಳಾ?"

"ಕೇಳಲ್ಲ. ಅದಕ್ಕೇ ಕಷ್ಟ."

ಕಲಿಸ್ತ್ ಟೋಪಿಯ ನೀರು ಹಿಂಡಿದ. "ಹಂಗಾದ್ರೆ ಕೆಳಗೇನಾ?"

ಝೇಲಿಯಾ ಗಂಡನ ಕಡೆ ತಿರುಗಿದಳು. ಅವಳ ತುಟಿ ನೀಲಿಗಟ್ಟಿತ್ತು. "ನೀನೇ ಹೇಳು. ನಿನ್ ಜೀವಕ್ಕೆ ಹೊತ್ತಿದ್ ಹರಕೆ ಇದು. ಇಲ್ಲಿಗೇ ಬಿಟ್ಬಿಡ್ಲಾ?"

ಮೇಲೆ ಹೋಗು ಎನ್ನಲು ಒನೆಸೀಮನಿಗೆ ಹಕ್ಕಿರಲಿಲ್ಲ, ಇಳಿ ಎನ್ನಲು ಧೈರ್ಯವಿರಲಿಲ್ಲ. ಹಿಮದಲ್ಲಿ ಮೊಣಕಾಲೂರಿ ಅವಳ ಪಾದುಕೆಯ ಬಾರನ್ನು ಇನ್ನೊಮ್ಮೆ ಬಿಗಿಯಾಗಿ ಎಳೆದ. ಅದು ಬೆಂದ ಶಾವಿಗೆಯಂತೆ ಕಿತ್ತು ಅವನ ಕೈಯೊಡನೆ ಬಂತು.