ಬೆಟ್ಟದ ಸೋದರಮಾವ

ಲೊಕ್ಕನಹಳ್ಳಿಯ ನಮ್ಮ ಮನೆಗೆ ಬೆಟ್ಟದ ಹಾಡಿಯಿಂದ ಒಬ್ಬ ಸೋಲಿಗ ಜೇನು, ನೆಲ್ಲಿಕಾಯಿ ಹೊತ್ತು ಬರುತ್ತಿದ್ದ. ಬೇಸಿಗೆಯಲ್ಲಿ ನಮ್ಮ ದನಗಳು ಅವನ ಹಾಡಿಯ ಪಕ್ಕದ ದೊಡ್ಡಿಯಲ್ಲೇ ಇರುತ್ತಿದ್ದವು. ಅಪ್ಪನಿಗೂ ಅವನಿಗೂ ಸ್ನೇಹ ಬೆಳೆದದ್ದು ಹಾಗೆ. ಒಂದು ಮಧ್ಯಾಹ್ನ ಜಗಲಿಯಲ್ಲಿ ಮುದ್ದೆ ಉಣ್ಣುತ್ತಾ ಅವನು ಅಪ್ಪನನ್ನು ಕೇಳಿದ:

“ನಿನ್ನ ನಾನು ಏನಂತ ಕೂಗ್ಲಿ?”

“ಸ್ನೇಹಿತ್ರಲ್ವೇನ್ಲಾ, ಎಸ್ರು ಇಡ್ದು ಕೂಗು.”

“ಸ್ನೇಯ ಸರಿ. ಅಣ್ಣನೋ ಬಾವನೋ ಗೊತ್ತಾಗ್ದೆ ಎಂಗೆ ಮಾತಾಡೋದು?”

ಸೋಲಿಗರಲ್ಲಿ ಒಂದೇ ಕುಲದವರೆಲ್ಲ ಒಡಹುಟ್ಟಿದವರು. ಬೇರೆ ಕುಲದವರು ನೆಂಟರು. ಬರೀ ಸ್ನೇಹಿತನನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಸಾರು ಬಡಿಸುತ್ತಿದ್ದ ಅವ್ವನ ಕಡೆ ತಿರುಗಿ, “ಅಕ್ಕಾ, ನೀನು ನಮ್ ಕುಲಕ್ಕೆ ಸೇರ್ಕಬುಡು. ಇವ್ನು ನಂಗೆ ಬಾವ ಆಯ್ತನೆ” ಎಂದ. ಅವ್ವ ನಗುತ್ತಾ ಇನ್ನೊಂದು ಮುದ್ದೆ ಹಾಕಿದಳು.

ಅಂದಿನಿಂದ ಅವನು ಅಪ್ಪನನ್ನು ಮನಸೋ ಇಚ್ಛೆ ಗೇಲಿ ಮಾಡತೊಡಗಿದ. ಊರಲ್ಲಿ ಯಾರೂ ಎದುರಾಡದ ಅಪ್ಪ, ತನ್ನ ಬೋಳುತಲೆಯ ಬಗ್ಗೆ ಅವನು ಆಡುವ ಮಾತಿಗೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ನಾವೆಲ್ಲ ಅದನ್ನು ತಮಾಷೆಯ ನೆಂಟಸ್ತನ ಎಂದುಕೊಂಡಿದ್ದೆವು.

ನನ್ನ ಮದುವೆ ಹನೂರಿನ ಛತ್ರದಲ್ಲಿ ನಡೆಯಿತು. ಅವ್ವನಿಗೆ ಅಣ್ಣತಮ್ಮಂದಿರಿಲ್ಲದ ಕಾರಣ, ನನ್ನನ್ನು ಮಂಟಪಕ್ಕೆ ಕರೆತರಲು ಅವಳ ಚಿಕ್ಕಪ್ಪನ ಮಗನಿಗೆ ಹೇಳಿದ್ದರು. ಅಯ್ನೋರು “ಸೋದರಮಾವ ಬರಲಿ” ಎಂದು ಕೂಗಿದ್ದೇ ತಡ, ಬೆಟ್ಟದ ಮಾವ ಹೊಸ ಪಂಚೆ ಸರಿಮಾಡಿಕೊಳ್ಳುತ್ತಾ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ.

“ಏಯ್, ನೀನೆಲ್ಲಿಗ್ಲಾ? ಅತ್ಲಾಗೆ ಕೂತ್ಕೊ,” ದೊಡ್ಡಪ್ಪ ಗದರಿದ.

ಮಾವನ ಮುಖ ಪೆಚ್ಚಾಯಿತು. “ಅಕ್ಕಾ, ನಾನಲ್ವಾ?”

ನಾಲ್ಕು ಜನರ ಮುಂದೆ ಎಂದೂ ದನಿ ಎತ್ತದ ಅವ್ವ, “ಅವ್ನು ನನ್ ತಮ್ಮ ಕಣ್ರಿ. ನನ್ ಮಗಳ ಕೈ ಅವ್ನೇ ಇಡೀಲಿ” ಎಂದುಬಿಟ್ಟಳು.

ದೊಡ್ಡಪ್ಪ ಉಣ್ಣದೆ ಹೊರಟುಹೋದ. ನಾನು ಹಿಡಿದ ಕೈ ಒರಟಾಗಿತ್ತು, ಮೈಯಿಂದ ಸೌದೆಹೊಗೆಯ ವಾಸನೆ ಬರುತ್ತಿತ್ತು. ಮಂಟಪದಲ್ಲಿ ನನ್ನ ಕೈ ಬಿಟ್ಟ ಮೇಲೆ ಮಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ.

ಅಪ್ಪ ತೀರಿಕೊಂಡ ಮೇಲೆ ಅವ್ವ ಕೊಳ್ಳೇಗಾಲದಲ್ಲಿ ನನ್ನ ಜೊತೆಗಿದ್ದಾಳೆ. ಮಾವನಿಗೂ ಈಗ ಬೆಟ್ಟ ಇಳಿಯಲಾಗದು. ಆದರೂ ಗೌರಿ ಹಬ್ಬಕ್ಕೆ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಅರಿಶಿನ, ಕುಂಕುಮ ಕಳಿಸುವುದನ್ನು ತಪ್ಪಿಸುವುದಿಲ್ಲ. ಪಕ್ಕದ ಮನೆಯವರು ಕೇಳಿದರೆ ಅವ್ವ, “ತವರಿಂದ ಬಂತು” ಎಂದು ಹೇಳಿ ನನ್ನ ಕೈಯಲ್ಲಿ ಅವರ ಹಣೆಗೂ ಇಡಿಸುತ್ತಾಳೆ.