ನಿದ್ದೆ ಬಾರದ ಗುಳಿಗೆ

ತೊಂಬತ್ತರ ದಶಕದಲ್ಲಿ ನಾನು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಪ್ರೆಸ್ಸಿನ ಮುಂದೆ ಕೂಡುತ್ತಿದ್ದೆ. ತಗಡು ಇಟ್ಟು, ಕೈ ತೆಗೆದು, ಪೆಡಲ್ ತುಳಿಯಬೇಕು. ಮಳೆ ನಿಂತು ಕಾಂಪೌಂಡಿನ ಸುತ್ತ ಕಾಂಗ್ರೆಸ್ ಕಸ ಹೂ ಬಿಟ್ಟಿತೆಂದರೆ ನನಗೆ ಸೀನು, ಮೈತುಂಬ ಕೆಂಪಗೆದ್ದು ತುರಿಸುವ ಗಾದರಿ. ಅದಕ್ಕೆ ನುಂಗುತ್ತಿದ್ದ ಗುಳಿಗೆ ತುರಿಕೆ ನಿಲ್ಲಿಸಿದರೂ ಕಣ್ಣು ಎಳೆಯುತ್ತಿತ್ತು. ಒಂದು ಮಧ್ಯಾಹ್ನ ತಗಡಿನ ಮೇಲೆ ಕೈ ಇದ್ದಾಗಲೇ ತೂಕಡಿಸಿದೆ, ಕಾಲು ಪೆಡಲ್ ಒತ್ತಿತು. ಪಕ್ಕದವಳು ರಟ್ಟೆ ಹಿಡಿದು ಎಳೆಯದಿದ್ದರೆ ಬೆರಳು ಹೋಗುತ್ತಿದ್ದವು.

ನಮ್ಮ ಡಾಕ್ಟರು ಹೊಸ ಗುಳಿಗೆ ಬರೆದರು. ನಿದ್ದೆ ಬರುವುದಿಲ್ಲವೆಂದರು; ಖರೇ, ಬರಲಿಲ್ಲ. ಮರುವರ್ಷ ಗಂಟಲು ಬಾತಾಗ ಬೇರೆ ದವಾಖಾನೆಗೆ ಹೋದೆ. ಅಲ್ಲಿ ಕೊಟ್ಟ ಔಷಧವನ್ನೂ ಇದರ ಜೊತೆಗೇ ತಿನ್ನತೊಡಗಿದೆ. ಬೇರೇನು ತಿನ್ನುತ್ತೀರಿ ಎಂದು ಅಲ್ಲಿಯ ಡಾಕ್ಟರು ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ.

ಕೆಲವು ದಿನ ಕಳೆದಿತ್ತು, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಎದೆ ಒಂದು ಬಡಿತ ಮರೆತಂತಾಯಿತು, ಆಮೇಲೆ ಹುಚ್ಚು ಹಿಡಿದಂತೆ ಓಡಿತು. ಎಚ್ಚರವಾದಾಗ ಬಸ್ಸಿನ ನೆಲದ ಮೇಲಿದ್ದೆ, ಯಾರೋ ಮುಖಕ್ಕೆ ನೀರು ಹೊಡೆಯುತ್ತಿದ್ದರು.

ಸುದ್ದಿ ತಿಳಿದು ಓಡಿಬಂದ ಗಂಡ ಆಟೋದಲ್ಲಿ ನಮ್ಮ ಡಾಕ್ಟರ ಹತ್ತಿರ ಕರೆದೊಯ್ದರು. ಇಸಿಜಿ ಯಂತ್ರ ಬರೆದ ಎದೆಬಡಿತದ ಪಟ್ಟಿ ನೋಡಿ ಡಾಕ್ಟರು ಏನೇನು ತಿಂದಿರಿ ಎಂದು ಕೇಳಿದರು. ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು.

"ಎರಡೂ ಕೂಡಿದರ ಎದಿ ಬಡಿತ ತಪ್ಪತೈತಿ ಅಂತ ಈಗೀಗ ಓದೇನ್ರಿ. ಇವರನ್ನ ಲಗೂನ ದೊಡ್ಡ ಆಸ್ಪತ್ರಿಗೆ ಹಾಕೂಣು."

"ಬದುಕತಾಳಲ್ರಿ?" ಎಂದರು ನನ್ನ ಗಂಡ. ಡಾಕ್ಟರು ಆಗಲೇ ಫೋನ್ ಎತ್ತಿದ್ದರು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿಕೊಂಡು ಮಲಗಿದೆ. ಒಂದು ಬಡಿತವಾದರೆ ಮುಂದಿನದು ಬರುತ್ತದೋ ಇಲ್ಲವೋ ಎಂಬ ಅಂಜಿಕೆ. ಕಣ್ಣು ಮುಚ್ಚಿದರೆ ಅದು ನಿಂತೇ ಬಿಡುತ್ತದೆ ಅನಿಸುತ್ತಿತ್ತು. ಎರಡೂ ಔಷಧ ಬಿಡಿಸಿದ ಮೇಲೆ ಬಡಿತ ಮೆಲ್ಲಗೆ ಹಳಿಗೆ ಬಂತು.

ಕೆಲವು ವರ್ಷಗಳಲ್ಲಿ ನಿದ್ದೆ ಬಾರದ ಆ ಗುಳಿಗೆ ಅಂಗಡಿಗಳಿಂದ ಕಾಣೆಯಾಯಿತು. ಅಷ್ಟೂ ದಿನ ನಾನು ಮೂಗಿಗೆ ಸೆರಗು ಕಟ್ಟಿಕೊಂಡು, ತುರಿಸಿಕೊಳ್ಳುತ್ತಲೇ ಪ್ರೆಸ್ ತುಳಿದೆ. ಆಮೇಲೆ ಡಾಕ್ಟರು ಇನ್ನೊಂದು ಗುಳಿಗೆ ತೋರಿಸಿದರು.

"ಹಳೇದು ಮೈಯಾಗ ಹೋಗಿ ಬ್ಯಾರೆ ರೂಪಕ್ಕ ತಿರುಗಿ ಕೆಲಸ ಮಾಡತಿತ್ರಿ. ಆ ಗಂಟಲಿನ ಔಷಧ ಹಂಗ ತಿರುಗೂದನ್ನ ತಡೀತ್ರಿ; ತಿರುಗದನ ಉಳದದ್ದರಿಂದ ಎದಿಗೆ ಧಕ್ಕಿ ಆತು. ಈಗ ಆ ತಿರುಗಿದ ರೂಪಾನ ಗುಳಿಗಿ ಮಾಡ್ಯಾರ."

ತಿಳಿಯಿತು. ಆದರೂ ಮನೆಗೆ ಒಯ್ಯಲು ಧೈರ್ಯ ಬರಲಿಲ್ಲ. ಇಲ್ಲೇ ನುಂಗುತ್ತೇನೆಂದೆ. ದವಾಖಾನೆಯ ಬೆಂಚಿನ ಮೇಲೆ ಗಂಡ ನನ್ನ ನಾಡಿ ಹಿಡಿದು ಕೂತರು. ಬಂದ ರೋಗಿಗಳೆಲ್ಲ ಹೋದರು, ಕಂಪೌಂಡರ್ ಕಸ ಗುಡಿಸಿದ. ನನಗೆ ನಿದ್ದೆಯೂ ಬರಲಿಲ್ಲ, ಎದೆಯೂ ತಪ್ಪಲಿಲ್ಲ. ಮರುದಿನ ಕೆಲಸಕ್ಕೆ ಹೋದೆ, ಅಂಜುತ್ತಲೇ.